‘ತಲುಪಿದೆ’ ಎಂದು ತೋರಿಸುವ ಮೊದಲು

ಸಿದ್ದಾಪುರದ ನರ್ಸ್ ಫೋನ್ ಮಾಡಿದ ದಿನವೂ ನಮ್ಮ ಸಾಫ್ಟ್‌ವೇರಿನ ಟೆಸ್ಟುಗಳೆಲ್ಲ ಪಾಸಾಗಿದ್ದವು. ಬೆಳಿಗ್ಗೆ ಕಚೇರಿಗೆ ಬಂದವಳೇ ಫಲಿತಾಂಶದ ಪುಟ ತೆರೆದು ನೋಡಿದ್ದೆ. ಮೇಲಿನಿಂದ ಕೆಳಗಿನವರೆಗೆ ಹಸಿರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಫೋನ್ ಬಂತು. ಹತ್ತಿರದಲ್ಲಿದ್ದವಳು ನಾನಾದ್ದರಿಂದ ನಾನೇ ಎತ್ತಿದೆ.

ನಮ್ಮದು ಶಿರಸಿಯ ಬಸ್ ನಿಲ್ದಾಣದಿಂದ ತುಸು ದೂರದಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲಿರುವ ಸಣ್ಣ ಸಾಫ್ಟ್‌ವೇರ್ ಕಚೇರಿ. ಆಗ ನಮ್ಮ ಕೈಯಲ್ಲಿದ್ದದ್ದು ಇಸಿಜಿ ಕಳಿಸುವ ಒಂದು ವ್ಯವಸ್ಥೆ. ಸಿದ್ದಾಪುರ ಮತ್ತು ಯಲ್ಲಾಪುರದ ಎರಡು ಚಿಕ್ಕ ಚಿಕಿತ್ಸಾ ಕೇಂದ್ರಗಳಲ್ಲಿ ಹೃದಯದ ವೈದ್ಯರಿಲ್ಲ. ಎದೆನೋವೆಂದು ಬಂದವರ ಇಸಿಜಿಯನ್ನು ಅಲ್ಲಿಯವರು ಫೋನಿನಲ್ಲಿ ಫೋಟೋ ಹೊಡೆದು ಶಿರಸಿಯ ಖಾಸಗಿ ಆಸ್ಪತ್ರೆಯ ವೈದ್ಯರೊಬ್ಬರಿಗೆ ಕಳಿಸುತ್ತಿದ್ದರು. ಫೋಟೋ ಮಸುಕಾಗುವುದು, ಯಾರದ್ದೆಂದು ಗೊತ್ತಾಗದಿರುವುದು, ವೈದ್ಯರ ಫೋನಿನಲ್ಲಿ ಮದುವೆಯ ಆಮಂತ್ರಣಗಳ ನಡುವೆ ಕಳೆದುಹೋಗುವುದು, ಇವೆಲ್ಲ ನಡೆದೇ ಇತ್ತು. ಅದರ ಬದಲಿಗೆ ನಮ್ಮ ವೆಬ್ ಪುಟ. ಕೇಂದ್ರದಲ್ಲಿ ಇಸಿಜಿ ಫೈಲನ್ನು ಆರಿಸಿ ಒಂದು ಗುಂಡಿ ಒತ್ತಿದರೆ ಅದು ನಮ್ಮ ಸರ್ವರಿಗೆ ಬರುತ್ತದೆ, ವೈದ್ಯರ ಮೇಜಿನ ಮೇಲಿನ ಕಂಪ್ಯೂಟರ್ ಸದ್ದು ಮಾಡುತ್ತದೆ, ಅವರು ನೋಡಿ ಉತ್ತರ ಬರೆಯುತ್ತಾರೆ. ಸಿದ್ದಾಪುರದಲ್ಲಿ ಪ್ರಾಯೋಗಿಕ ಬಳಕೆ ಆಗಷ್ಟೇ ಶುರುವಾಗಿತ್ತು. ಟೆಸ್ಟಿಂಗ್ ನನ್ನ ಜವಾಬ್ದಾರಿ. ನರ್ಸಿನಂತೆ ಫೈಲ್ ಕಳಿಸುವ, ವೈದ್ಯರಂತೆ ಕಾದು ಕೂರುವ ಚಿಕ್ಕ ಪ್ರೋಗ್ರಾಮುಗಳನ್ನು ನಾನು ಬರೆದಿಡುತ್ತಿದ್ದೆ. ಯಾರು ಏನೇ ಬದಲಾಯಿಸಿದರೂ ಅವು ತಾವಾಗಿಯೇ ಓಡಿ, ಎಲ್ಲ ಸರಿಯಿದೆಯೋ ಇಲ್ಲವೋ ಎಂದು ಹೇಳಬೇಕು.

ಫೋನಿನಲ್ಲಿ ನರ್ಸ್ ಧ್ವನಿ ಎತ್ತರಿಸಲಿಲ್ಲ. ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರು ಎದೆ ಮತ್ತು ದವಡೆ ನೋವೆಂದು ಬಂದಿದ್ದರಂತೆ. ಇಸಿಜಿ ತೆಗೆದು ಕಳಿಸಿದ್ದಾರೆ. ಪರದೆಯ ಮೇಲೆ ‘ತಲುಪಿದೆ’ ಎಂದು ಬಂದಿದೆ. ಉತ್ತರ ಬರುತ್ತದೆಂದು ಕಾದಿದ್ದಾರೆ. ಅತ್ತ ವೈದ್ಯರು ತಮ್ಮ ಕೋಣೆಯಲ್ಲೇ ಕೂತಿದ್ದರು. ಅವರ ಕಂಪ್ಯೂಟರ್ ಸದ್ದೇ ಮಾಡಿರಲಿಲ್ಲ. ಕಡೆಗೆ ತಡೆಯಲಾರದೆ ನರ್ಸ್ ಫೋನ್ ಮಾಡಿದಾಗ ಅವರು ಪುಟವನ್ನು ಹೊಸದಾಗಿ ತೆರೆದಿದ್ದಾರೆ. ಇಸಿಜಿ ಅಲ್ಲೇ ಇತ್ತು. ಹೃದಯಾಘಾತವೇ. ತಕ್ಷಣ ಕೊಡಬೇಕಾದ ಮಾತ್ರೆ ಹೇಳಿ, ಗಾಡಿ ಹತ್ತಿಸಿ ಕಳಿಸಲು ಹೇಳಿದ್ದಾರೆ. ಹೆಂಗಸು ಶಿರಸಿ ಮುಟ್ಟಿ, ಅಲ್ಲಿಂದ ಹುಬ್ಬಳ್ಳಿಗೂ ಹೋಗಿ ಮುಂದೆ ಚೇತರಿಸಿಕೊಂಡರು ಎಂಬುದು ನನಗೆ ತಿಳಿದದ್ದು ಆಮೇಲೆ. ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ.

“ನಿಮ್ಮ ಸ್ಕ್ರೀನು ತಲುಪಿದೆ ಅಂತು. ನಾ ಅದನ್ನ ನಂಬ್ಕಂಡು ಕುಂತೆ,” ಎಂದರು ನರ್ಸ್. “ಅದು ಎಂತದೂ ಹೇಳದೇ ಇದ್ದಿದ್ರೆ ನಾ ಮೊದಲೇ ಫೋನ್ ಮಾಡ್ತಿದ್ದೆ.”

ನೋಡುತ್ತೇನೆ ಸಿಸ್ಟರ್ ಎಂದಷ್ಟೇ ಹೇಳಿ ಇಟ್ಟೆ. ಊಟದ ಡಬ್ಬಿಯನ್ನು ಹಾಗೇ ಮುಚ್ಚಿದೆ.

ಮೊದಲು ಸರ್ವರಿನ ದಾಖಲೆ ತೆಗೆದೆ. ಫೈಲ್ ಬಂದಿತ್ತು. ಬಂದ ಮರುಕ್ಷಣವೇ ‘ವೈದ್ಯರಿಗೆ ಸೂಚನೆ ಕಳಿಸಲಾಗಿದೆ’ ಎಂಬ ಸಾಲೂ ಇತ್ತು. ಅಂದರೆ ನಮ್ಮ ಪ್ರೋಗ್ರಾಂ ತನ್ನ ಕೆಲಸ ಮುಗಿಸಿತ್ತು. ವೈದ್ಯರ ಕಂಪ್ಯೂಟರಿನಲ್ಲೂ ದೋಷವಿರಲಿಲ್ಲ; ಬಂದಿದ್ದರೆ ಸದ್ದು ಮಾಡುತ್ತಿತ್ತು. ಹಾಗಾದರೆ ಸೂಚನೆ ಇವೆರಡರ ನಡುವೆ ಎಲ್ಲೋ ನಿಂತಿರಬೇಕು. ನಡುವೆ ಇದ್ದದ್ದು ಒಂದೇ, ಮುಂಭಾಗದ ವೆಬ್ ಸರ್ವರ್.

ಹೊರಗಿನಿಂದ ಬರುವ ಕೋರಿಕೆಗಳನ್ನು ಮೊದಲು ಪಡೆಯುವುದು ಈ ಮುಂಭಾಗದ ಸರ್ವರ್. ಅದು ಅವನ್ನು ಒಳಗಿರುವ ನಮ್ಮ ಪ್ರೋಗ್ರಾಮಿಗೆ ದಾಟಿಸುತ್ತದೆ, ಒಳಗಿನ ಉತ್ತರವನ್ನು ಹೊರಗೆ ಕೊಡುತ್ತದೆ. ದಾಟಿಸುವಾಗ ಅದಕ್ಕೊಂದು ಅಭ್ಯಾಸವಿದೆ. ಬಂದದ್ದನ್ನು ಬಂದ ಹಾಗೆ ಕೊಡದೆ, ಒಂದಷ್ಟು ಸೇರುವವರೆಗೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದಿಡುವ ಆ ಜಾಗವೇ ಬಫರ್. ಸಾಮಾನ್ಯ ಪುಟಗಳಿಗೆ ಇದರಿಂದ ಲಾಭವೇ. ಆದರೆ ವೈದ್ಯರ ಪರದೆಗೆ ಹೋಗುವ ಸೂಚನೆ ಸಾಮಾನ್ಯ ಪುಟವಲ್ಲ. ಅಲ್ಲಿ ಸಂಪರ್ಕವೊಂದು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತದೆ. ಇಸಿಜಿ ಬಂದಾಗೊಮ್ಮೆ ಒಂದೆರಡು ಸಾಲು ಅದರಲ್ಲಿ ಹೋಗುತ್ತದೆ. ಒಂದೆರಡು ಸಾಲಿಗೆ ಬಫರ್ ತುಂಬುವುದಿಲ್ಲ. ಉತ್ತರ ಮುಗಿಯಿತೆಂದು ಕೊಟ್ಟುಬಿಡೋಣವೆಂದರೆ ಉತ್ತರ ಮುಗಿಯುವುದೇ ಇಲ್ಲ. ಸಂಪರ್ಕ ಪದೇ ಪದೇ ಕಡಿಯಬಾರದೆಂದು ಕಾಯುವ ಅವಧಿಯನ್ನು ನಾವೇ ಬಹಳ ಉದ್ದ ಮಾಡಿದ್ದೆವು. ಹೀಗಾಗಿ ಸಿದ್ದಾಪುರದ ಸೂಚನೆ ವೈದ್ಯರ ಬಾಗಿಲಿನವರೆಗೆ ಹೋಗಿ ಬಫರಿನಲ್ಲಿ ಕೂತಿತ್ತು.

ಟೆಸ್ಟ್ ಯಾಕೆ ಹಿಡಿಯಲಿಲ್ಲ? ತೆರೆದು ನೋಡಿದೆ. ಟೆಸ್ಟು ಸಾಲಾಗಿ ಬಹಳಷ್ಟು ಸೂಚನೆಗಳನ್ನು ಕಳಿಸಿ, ಸಂಪರ್ಕ ಮುಚ್ಚಿ, ಆಮೇಲೆ ಎಲ್ಲ ಬಂದಿವೆಯೇ ಎಂದು ಎಣಿಸುತ್ತಿತ್ತು. ಮುಚ್ಚಿದ ಕೂಡಲೇ ಬಫರ್ ಖಾಲಿಯಾಗುತ್ತದೆ. ಎಲ್ಲ ಬಂದೇ ಬರುತ್ತವೆ. ಬಂತೋ ಇಲ್ಲವೋ ಎಂದು ಕೇಳಿದ್ದೆವೇ ಹೊರತು ಯಾವಾಗ ಬಂತು ಎಂದು ಕೇಳಿರಲಿಲ್ಲ. ಹೃದಯಾಘಾತದ ವಿಷಯದಲ್ಲಿ ಕೇಳಬೇಕಾಗಿದ್ದದ್ದು ಅದೊಂದೇ.

ಸರ್ವರಿನ ಕೆಲಸ ನೋಡಿಕೊಳ್ಳುವ ನಮ್ಮ ಸಹೋದ್ಯೋಗಿ ಗುಡ್ನಾಪುರದ ಕಡೆಯವ. ಚುರುಕು. ನಾನು ಹೇಳಿ ಮುಗಿಸುವುದರೊಳಗೆ ಸೆಟ್ಟಿಂಗಿನ ಕಡತ ತೆರೆದಿದ್ದ. ಬಫರಿಂಗಿಗೆ ಅಲ್ಲಿ ಎರಡು ಸಾಲು. ಒಂದು ಹೊರಗಿನಿಂದ ಬರುವ ಕೋರಿಕೆಗೆ, ಇನ್ನೊಂದು ಒಳಗಿನಿಂದ ಹೋಗುವ ಉತ್ತರಕ್ಕೆ. ಅವನು ಎರಡನ್ನೂ ಇಡೀ ವೆಬ್‌ಸೈಟಿಗೆ ಅನ್ವಯಿಸುವಂತೆ ಬಂದ್ ಮಾಡಿದ. ಹಿಡಿದಿಡುವುದೇ ರೋಗವಾದರೆ ಎಲ್ಲೂ ಹಿಡಿದಿಡುವುದು ಬೇಡ ಎಂಬುದು ಅವನ ಲೆಕ್ಕ. ನನಗೂ ಆಗ ಅದು ಸರಿಯೆನಿಸಿತು. ನಾನು ಹೊಸ ಟೆಸ್ಟ್ ಬರೆದೆ: ಒಂದೇ ಒಂದು ಚಿಕ್ಕ ಸೂಚನೆ, ಸಂಪರ್ಕ ತೆರೆದೇ ಇರಬೇಕು, ಕ್ಷಣದೊಳಗೆ ಬರಬೇಕು. ಹಳೆಯ ಸೆಟ್ಟಿಂಗಿನಲ್ಲಿ ಓಡಿಸಿದಾಗ ಕೆಂಪು. ಹೊಸದರಲ್ಲಿ ಹಸಿರು. ಮರುದಿನ ಅದನ್ನೇ ಬಳಕೆಯ ಸರ್ವರಿಗೆ ಏರಿಸಿದೆವು. ಆ ವಾರವೇ ಯಲ್ಲಾಪುರದ ಕೇಂದ್ರವೂ ಸೇರಿಕೊಂಡಿತು.

ಯಲ್ಲಾಪುರ ಸೇರಿದ ಎರಡನೇ ದಿನ ವೈದ್ಯರೇ ಫೋನ್ ಮಾಡಿ, ಪುಟ ತೆರೆಯುತ್ತಲೇ ಇಲ್ಲ ಎಂದರು. ಸಿದ್ದಾಪುರದಿಂದಲೂ ಅದೇ ಮಾತು. ಸಹೋದ್ಯೋಗಿ ಒಳಗಿನ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡಿದ, ಸರಿಯಾಯಿತು. ತುಸು ಹೊತ್ತಿನಲ್ಲಿ ಮತ್ತೆ ಅದೇ. ದಾಖಲೆ ನೋಡಿದರೆ ಒಳಗಿನ ಪ್ರೋಗ್ರಾಮಿನಲ್ಲಿ ಕೋರಿಕೆಗಳನ್ನು ನಿಭಾಯಿಸುವ ಎಳೆಗಳೆಲ್ಲ (ಥ್ರೆಡ್ಡುಗಳು) ಯಲ್ಲಾಪುರದ ಅಪ್‌ಲೋಡುಗಳನ್ನೇ ಹಿಡಿದು ಕೂತಿದ್ದವು. ಒಂದು ಎಳೆ ಒಂದು ಹೊತ್ತಿಗೆ ಒಂದೇ ಕೋರಿಕೆಯನ್ನು ನೋಡಬಲ್ಲದು. ನಮ್ಮಲ್ಲಿ ಇದ್ದದ್ದು ಕೆಲವೇ ಎಳೆಗಳು. ಯಲ್ಲಾಪುರದ ಕೇಂದ್ರದಲ್ಲಿ ನೆಟ್‌ವರ್ಕ್ ದುರ್ಬಲ. ಮೇಲಾಗಿ ಅಲ್ಲಿಯ ಇಸಿಜಿ ಯಂತ್ರ ಹಳೆಯದು, ಕಾಗದದ ಮೇಲೆ ಬಂದದ್ದನ್ನು ಸ್ಕ್ಯಾನ್ ಮಾಡಬೇಕು, ಫೈಲ್ ದೊಡ್ಡದಾಗುತ್ತದೆ. ಮೊದಲಿನ ಸೆಟ್ಟಿಂಗ್ ಇದ್ದಿದ್ದರೆ ಮುಂಭಾಗದ ಸರ್ವರ್ ಆ ನಿಧಾನದ ಫೈಲನ್ನು ಪೂರ್ತಿ ತಾನೇ ಪಡೆದು, ಮುಗಿದ ಮೇಲೆ ಒಮ್ಮೆಲೇ ಒಳಗೆ ಕೊಡುತ್ತಿತ್ತು, ಒಳಗಿನವರು ಕಾಯಬೇಕಾಗಿರಲಿಲ್ಲ. ಕೋರಿಕೆಯ ಬಫರಿಂಗ್ ಇದ್ದದ್ದೇ ಅದಕ್ಕೆ. ನಾವು ಅದನ್ನೂ ತೆಗೆದುಬಿಟ್ಟಿದ್ದೆವು. ಅಲ್ಲಿಯ ತಂತ್ರಜ್ಞ ಮುಂದುವರಿಯುತ್ತಿಲ್ಲವೆಂದು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದ. ಒತ್ತಿದಾಗಲೆಲ್ಲ ಇನ್ನೊಂದು ಎಳೆ ಸಿಕ್ಕಿಬಿದ್ದಿತ್ತು.

ಆ ದಿನ ಗಂಭೀರ ರೋಗಿ ಯಾರೂ ಇರಲಿಲ್ಲ. ಸಿದ್ದಾಪುರದವರು ಫೋನಿನ ಫೋಟೋಗೆ ವಾಪಸಾದರು. ನಮ್ಮ ಟೆಸ್ಟುಗಳು ಆಗಲೂ ಪಾಸಾಗಿಯೇ ಇದ್ದವು. ಅವು ಸರ್ವರ್ ಇದ್ದ ಯಂತ್ರದಲ್ಲೇ ಓಡುತ್ತಿದ್ದವು. ಕಳಿಸಿದ ಫೈಲ್ ಕಣ್ಣು ಮಿಟುಕಿಸುವುದರೊಳಗೆ ತಲುಪುತ್ತಿತ್ತು. ಯಲ್ಲಾಪುರ ಎಂಬ ಊರು ಆ ಟೆಸ್ಟುಗಳಿಗೆ ಗೊತ್ತೇ ಇರಲಿಲ್ಲ.

ಸಂಜೆ ನಮ್ಮ ಕಚೇರಿಯ ಮುಖ್ಯಸ್ಥರು ಎಲ್ಲರನ್ನೂ ಕೂರಿಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಈ ಊರಿನಲ್ಲೇ ಇಂಥ ಕೆಲಸ ಮಾಡಬಹುದೆಂದು ಹಟ ಹಿಡಿದು ಕಚೇರಿ ಕಟ್ಟಿದವರು. ಮುಂದಿನ ವಾರ ಪೂರ್ಣ ಬಳಕೆಗೆ ಕೊಡುತ್ತೇವೆಂದು ಆಸ್ಪತ್ರೆಗೆ ಮಾತು ಕೊಟ್ಟಿದ್ದರು. ಕೋರಿಕೆಯ ಬಫರಿಂಗ್ ವಾಪಸ್ ಹಾಕಿದರೆ, ಉತ್ತರದ್ದು ಬಂದ್ ಇಟ್ಟರೆ ಎರಡೂ ಸಮಸ್ಯೆ ಹೋಯಿತಲ್ಲ, ಇನ್ನೇನು ಉಳಿಯಿತು ಎಂದು ಕೇಳಿದರು. ಹೋಗಬಹುದು ಎಂದೆ ನಾನು. ಆದರೆ ಮೊನ್ನೆಯೂ ಹೀಗೇ ಅಂದುಕೊಂಡಿದ್ದೆವು. ಏನನ್ನೇ ಬದಲಾಯಿಸಿದರೂ ಅದು ಸರಿಯೋ ತಪ್ಪೋ ಎಂದು ಹೇಳುವ ಸಾಧನವೇ ನಮ್ಮ ಹತ್ತಿರವಿಲ್ಲ. ಇರುವ ಟೆಸ್ಟುಗಳು ಎಲ್ಲದಕ್ಕೂ ಹೂಂ ಅನ್ನುತ್ತವೆ. ನಾನು ಸರಿಯಿದೆ ಎಂದು ಬರೆದು ಕೊಡಲಾರೆ ಎಂದೆ.

ಮುಖ್ಯಸ್ಥರ ಮನೆಯಲ್ಲೂ ನಮ್ಮ ಮನೆಯಲ್ಲೂ ಆಡುವುದು ಒಂದೇ ಮಾತು. ಕಚೇರಿಯಲ್ಲಿ ಅದನ್ನು ಆಡುವುದು ಕಡಿಮೆ. ಆಗ ಆಡಿದರು.

“ಹಂಗಾರೆ ಆನು ಅವಕ್ಕೆ ಎಂತ ಹೇಳವು?” ಆಸ್ಪತ್ರೆಯವರಿಗೆ ತಾನೇನು ಹೇಳಬೇಕು ಎಂಬ ಪ್ರಶ್ನೆ.

“ತಯಾರಿಲ್ಲೆ ಹೇಳಿ. ಪ್ರಯೋಗನೂ ನಿಲ್ಸನ,” ಎಂದೆ. “ಸಿಸ್ಟರ್ ಫೋಟೋನೇ ಕಳಸ್ಲಿ. ಅದು ತಲುಪ್ದೇ ಇದ್ರೆ ತಲುಪಿದ್ದಿಲ್ಲೆ ಹೇಳಾದ್ರೂ ಅವಕ್ಕೆ ಗೊತ್ತಾಗ್ತು.”

ಕಚೇರಿಗೆ ಆಗ ಇದ್ದ ದೊಡ್ಡ ಕೆಲಸ ಅದೊಂದೇ. ಆಸ್ಪತ್ರೆಯವರು ಬೇಸತ್ತು ಬೇರೆ ಕಡೆ ಹೋದರೆ ನಮ್ಮೆಲ್ಲರ ಗತಿ ಏನು ಎಂದು ಯೋಚಿಸಿಯೇ ಬಾಯಿಬಿಟ್ಟಿದ್ದೆ. ಮುಖ್ಯಸ್ಥರು ಎದ್ದು ವರಾಂಡಕ್ಕೆ ಹೋಗಿ ಆಸ್ಪತ್ರೆಗೆ ತಾವೇ ಫೋನ್ ಮಾಡಿದರು. ಮಾತು ಕೇಳಿಸಲಿಲ್ಲ. ಒಳಗೆ ಬಂದು, ವೈದ್ಯರು ಒಪ್ಪಿದ್ದಾರೆ, ಆದರೆ ಮತ್ತೊಮ್ಮೆ ಹೀಗಾದರೆ ಬೇಡವೆನ್ನುತ್ತಾರೆ ಎಂದಷ್ಟೇ ಹೇಳಿದರು.

ಮರುದಿನ ಯಲ್ಲಾಪುರದ ಬಸ್ ಹತ್ತಿದೆ. ನಿಧಾನದ ನೆಟ್‌ವರ್ಕ್ ಎಂದು ಟೆಸ್ಟಿನಲ್ಲಿ ಬರೆಯಬೇಕಾದರೆ ಅದು ಹೇಗಿರುತ್ತದೆಂದು ಮೊದಲು ಅಳೆಯಬೇಕಿತ್ತು. ಭೈರುಂಬೆ ದಾಟುವ ಹೊತ್ತಿಗೆ ನನ್ನ ಫೋನಿನ ಸಿಗ್ನಲ್ ಹೋಯಿತು. ಮಂಚೀಕೇರಿಯಲ್ಲಿ ಬಂದು ಮತ್ತೆ ಹೋಯಿತು. ಕೇಂದ್ರದ ತಂತ್ರಜ್ಞನ ಮನೆಯವರದು ಲಾರಿ ವ್ಯವಹಾರ. ಅಣ್ಣಂದಿರೆಲ್ಲ ಅದರಲ್ಲೇ ಇದ್ದಾರೆ, ಇವನೊಬ್ಬ ಕಲಿತು ಆಸ್ಪತ್ರೆಯ ಕೆಲಸಕ್ಕೆ ಸೇರಿದವನು. ಸರ್ವರ್ ನಿಂತದ್ದು ತನ್ನಿಂದ ಎಂದು ಯಾರೋ ಅವನಿಗೆ ಹೇಳಿದ್ದರು. ನಾನು ಜಗಳಕ್ಕೇ ಬಂದಿದ್ದೇನೆಂದು ಬಾಗಿಲಲ್ಲೇ ಬಿಗಿದುಕೊಂಡು ನಿಂತಿದ್ದ. ತಪ್ಪು ನಮ್ಮದು ಎಂದು ಹೇಳಿದ ಮೇಲೆ ಚಹಾ ತರಿಸಿದ.

“ಅದು ಮುಂದನೂ ಹೋಗೂದಿಲ್ರಿ, ಹಿಂದನೂ ಬರೂದಿಲ್ಲ,” ಎಂದ. “ಎದುರಿಗೆ ಪೇಶಂಟ್ ಕುಂತಿರ್ತಾರ, ಅವರ ಮನಿಯವ್ರು ನನ್ನ ಮುಖಾನೇ ನೋಡ್ತಿರ್ತಾರ. ಒತ್ತದೇ ಏನ್ ಮಾಡ್ಲಿ ಹೇಳ್ರಿ?”

ಇಡೀ ದಿನ ಅಲ್ಲಿ ಕೂತು, ಹೆಸರಿಲ್ಲದ ಮಾದರಿ ಫೈಲುಗಳನ್ನು ಕಳಿಸುತ್ತ, ಯಾವ ಕ್ಷಣದಲ್ಲಿ ಎಷ್ಟು ಹೋಗುತ್ತದೆಂದು ದಾಖಲಿಸುವ ಚಿಕ್ಕ ಪ್ರೋಗ್ರಾಂ ಓಡಿಸಿದೆ. ನಾನು ಊಹಿಸಿದ್ದು ಸಣ್ಣಗೆ ಸಮನಾಗಿ ಹರಿಯುವ ನಿಧಾನ. ನಡೆದದ್ದು ಬೇರೆ. ಒಂದಷ್ಟು ಧಡಕ್ಕನೆ ಹೋಗಿ, ಪೂರ್ತಿ ನಿಂತು, ಬಹಳ ಹೊತ್ತಿನ ಮೇಲೆ ಮತ್ತೊಂದಷ್ಟು ಹೋಗುತ್ತಿತ್ತು. ಕೆಲವೊಮ್ಮೆ ಅರ್ಧದಲ್ಲೇ ಕಡಿದುಹೋಗುತ್ತಿತ್ತು. ಕರೆಂಟ್ ಹೋಗಿ ಬಂದ ಮೇಲೆ ಮೊದಲಿನ ಕೆಲವು ಪ್ರಯತ್ನ ಸಾಗುತ್ತಲೇ ಇರಲಿಲ್ಲ. ಆ ಮಾದರಿಗಳನ್ನೆಲ್ಲ ತುಂಬಿಕೊಂಡು ಸಂಜೆಯ ಬಸ್ಸಿಗೆ ಮರಳಿದೆ.

ಸಿದ್ದಾಪುರಕ್ಕೂ ಹೋದೆ. ಅಲ್ಲಿ ನೆಟ್‌ವರ್ಕ್ ಪರವಾಗಿಲ್ಲ. ನನಗೆ ಬೇಕಾಗಿದ್ದದ್ದು ನರ್ಸನ್ನು ಕಾಣುವುದು. ಅವರು ಡ್ರೆಸ್ಸಿಂಗ್ ಮಾಡುತ್ತಲೇ ಮಾತಾಡಿದರು, ನನ್ನ ಕಡೆ ಹೆಚ್ಚು ನೋಡಲಿಲ್ಲ. ಪರದೆ ಏನು ಹೇಳಿದರೆ ನಿಮಗೆ ಉಪಯೋಗ ಎಂದು ಕೇಳಿದೆ.

“ಡಾಕ್ಟ್ರ ಕಣ್ಣಿಗೆ ಬಿತ್ತಾ ಇಲ್ವಾ, ಅಷ್ಟು ಹೇಳ್ಲಿ ಸಾಕು,” ಎಂದರು. “ನಿಮ್ಮ ಸರ್ವರಿಗೆ ಬಂದ್ರೆ ನನಗೆ ಆಗೂದು ಎಂತ?”

ಆ ಮಾತನ್ನು ಇದ್ದ ಹಾಗೇ ತಂದು ಕಚೇರಿಯಲ್ಲಿ ಹೇಳಿದೆ. ‘ತಲುಪಿದೆ’ ಎಂಬ ಪದವನ್ನೇ ತೆಗೆದೆವು. ಫೈಲ್ ಸರ್ವರಿಗೆ ಬಂದಾಗ ‘ಸರ್ವರಿನಲ್ಲಿದೆ, ವೈದ್ಯರಿಗೆ ಇನ್ನೂ ಹೋಗಿಲ್ಲ’ ಎಂದು ತೋರಿಸುವುದು. ವೈದ್ಯರ ಪರದೆಯಿಂದಲೇ ಸೂಚನೆ ಕಾಣಿಸಿತೆಂಬ ಮರುಸಂದೇಶ ಬಂದ ಮೇಲೆ ಮಾತ್ರ ‘ವೈದ್ಯರ ಪರದೆಯಲ್ಲಿ ಕಾಣಿಸಿದೆ’ ಎನ್ನುವುದು. ಸ್ವಲ್ಪ ಹೊತ್ತಿನಲ್ಲಿ ಬಾರದಿದ್ದರೆ ‘ಫೋನ್ ಮಾಡಿ’ ಎಂದು ಕೆಂಪಕ್ಷರದಲ್ಲಿ ಬರೆಯುವುದು.

ಆಮೇಲೆ ಟೆಸ್ಟುಗಳ ಕೆಲಸಕ್ಕೆ ಕೂತೆ. ಯಲ್ಲಾಪುರದಲ್ಲಿ ದಾಖಲಿಸಿದ ರೀತಿಯಲ್ಲೇ ಬಿಟ್ಟು ಬಿಟ್ಟು ಕಳಿಸುವ, ಹೊರಗಿನ ಕಂಪ್ಯೂಟರಿನ ಪಾತ್ರ ಮಾಡುವ ಒಂದು ನಕಲಿ ಗ್ರಾಹಕ. ಒಳಗಿನ ಪ್ರೋಗ್ರಾಮಿನ ಜಾಗದಲ್ಲಿ ಇನ್ನೊಂದು ನಕಲಿ. ಮೊದಲ ಅಕ್ಷರ ಯಾವಾಗ ಬಂತು, ಕೊನೆಯದು ಯಾವಾಗ ಬಂತು ಎಂದು ಬರೆದಿಡುವುದಷ್ಟೇ ಅದರ ಕೆಲಸ. ನಡುವೆ ನಿಜವಾದ ಮುಂಭಾಗದ ಸರ್ವರ್. ಕೋರಿಕೆಯ ಬಫರಿಂಗ್ ಇದ್ದಾಗ, ಇಲ್ಲದಿದ್ದಾಗ. ಉತ್ತರದ್ದು ಇದ್ದಾಗ, ಇಲ್ಲದಿದ್ದಾಗ. ಪ್ರತಿಯೊಂದರಲ್ಲೂ ಏನಾಗಬೇಕೆಂದು ಮೊದಲೇ ಬರೆದೆ. ಕೋರಿಕೆಯದು ಇದ್ದರೆ, ಹೊರಗೆ ಕೊನೆಯ ಅಕ್ಷರ ಹೋಗುವವರೆಗೆ ಒಳಗೆ ಒಂದೂ ಕಾಣಬಾರದು. ಅರ್ಧದಲ್ಲಿ ಕಡಿದ ಫೈಲ್ ಒಳಗೆ ಹೋಗಲೇಬಾರದು. ಅರ್ಧ ಇಸಿಜಿ ವೈದ್ಯರ ಮುಂದೆ ತೆರೆದುಕೊಳ್ಳುವುದು ಏನೂ ತೆರೆಯದಿರುವುದಕ್ಕಿಂತ ಅಪಾಯ. ನಿಧಾನದವರು ಎಷ್ಟೇ ಇದ್ದರೂ ವೇಗದವನೊಬ್ಬ ಬಂದರೆ ಅವನಿಗೆ ಕೂಡಲೇ ಉತ್ತರ ಸಿಗಬೇಕು.

ಬೇಡದ ಸೆಟ್ಟಿಂಗುಗಳನ್ನೂ ಯಾಕೆ ಪರೀಕ್ಷಿಸಬೇಕು ಎಂದು ಸಹೋದ್ಯೋಗಿ ಕೇಳಿದ. ತಪ್ಪು ಸೆಟ್ಟಿಂಗಿನಲ್ಲಿ ಟೆಸ್ಟ್ ಫೇಲಾಗುವುದನ್ನು ಕಣ್ಣಾರೆ ನೋಡದೆ, ಸರಿ ಸೆಟ್ಟಿಂಗಿನಲ್ಲಿ ಪಾಸಾದದ್ದನ್ನು ನಾನು ನಂಬಲು ತಯಾರಿರಲಿಲ್ಲ.

ದೊಡ್ಡ ಫೈಲುಗಳ ಟೆಸ್ಟ್ ಮೊದಲ ದಿನವೇ ಒಂದು ಫಲ ಕೊಟ್ಟಿತು. ಫೈಲ್ ಒಂದು ಮಿತಿ ಮೀರಿದರೆ ಮುಂಭಾಗದ ಸರ್ವರ್ ಅದನ್ನು ಮೆಮೊರಿಯಲ್ಲಿಡದೆ ಡಿಸ್ಕಿನ ತಾತ್ಕಾಲಿಕ ಫೋಲ್ಡರಿಗೆ ಬರೆಯುತ್ತದೆ. ನಮ್ಮ ಸರ್ವರಿನಲ್ಲಿ ಆ ಫೋಲ್ಡರಿಗೆ ಬರೆಯುವ ಅನುಮತಿಯನ್ನೇ ಕೊಟ್ಟಿರಲಿಲ್ಲ. ಸಿದ್ದಾಪುರದ ಚಿಕ್ಕ ಫೈಲುಗಳಿಗೆ ಇದು ಅಡ್ಡಿಯಾಗುತ್ತಲೇ ಇರಲಿಲ್ಲ. ಅಂದಿನ ಸಂಜೆಯ ಸಭೆಯಲ್ಲಿ ಮುಖ್ಯಸ್ಥರು ಹೇಳಿದ ಹಾಗೆ ಕೋರಿಕೆಯ ಬಫರಿಂಗನ್ನು ವಾಪಸ್ ಹಾಕಿ ಕೊಟ್ಟುಬಿಟ್ಟಿದ್ದರೆ ಯಲ್ಲಾಪುರದಿಂದ ಒಂದೂ ಇಸಿಜಿ ಬರುತ್ತಿರಲಿಲ್ಲ. ನಾನು ಅವರಿಗೆ ಇದನ್ನು ತೋರಿಸಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಅಂದಿನಿಂದ ಯಾವಾಗ ಮುಗಿಯುತ್ತದೆ ಎಂದು ಕೇಳುವುದನ್ನು ಬಿಟ್ಟರು.

ಮುಂದಿನ ತೊಡಕು ಟೆಸ್ಟುಗಳದ್ದೇ. ಬೆಳಿಗ್ಗೆ ಪಾಸಾದದ್ದು ಮಧ್ಯಾಹ್ನ ಫೇಲ್. ಏನೂ ಬದಲಾಯಿಸದೆ ಮತ್ತೆ ಓಡಿಸಿದರೆ ಪಾಸ್. ಹೀಗೆ ನಾಲ್ಕೈದು ದಿನ. ಇಂಥ ಟೆಸ್ಟಿನ ಮೇಲೆ ಜನರಿಗೆ ಬಹಳ ಬೇಗ ನಂಬಿಕೆ ಹೋಗುತ್ತದೆ. ಕೆಂಪು ಕಂಡರೆ, ಓ ಅದಾ, ಅದು ಹಾಗೇ ಎನ್ನಲು ಶುರುಮಾಡುತ್ತಾರೆ.

“ಮೂರ್ ಸಲ ಓಡಿಸೋಣ್ರಿ, ಒಂದ್ಸಲ ಪಾಸಾದ್ರ ಸಾಕು,” ಎಂದ ಸಹೋದ್ಯೋಗಿ. “ಎಲ್ಲಾ ಕಡೆ ಹಂಗ ಮಾಡ್ತಾರ.”

ಮಾಡುತ್ತಾರೆ, ನಿಜ. ನನಗೂ ಸುಸ್ತಾಗಿತ್ತು. ಆದರೆ ಇಸಿಜಿ ಮೂರು ಸಲದಲ್ಲಿ ಒಮ್ಮೆ ಬಂದರೆ ಸಾಕೇ ಎಂದು ಕೇಳಿದೆ. ಅವನು ನಕ್ಕು ತನ್ನ ಕುರ್ಚಿಯನ್ನು ನನ್ನ ಮೇಜಿನ ಕಡೆ ಎಳೆದುಕೊಂಡ. ಇಬ್ಬರೂ ಕೂತು ಹುಡುಕಿದೆವು. ಕಾರಣ ಗಡಿಯಾರ. ಇಷ್ಟು ಕ್ಷಣದೊಳಗೆ ಆಗಬೇಕು ಎಂದು ನಾನು ಬರೆದಿದ್ದೆ. ಟೆಸ್ಟ್ ಓಡುವ ಯಂತ್ರದಲ್ಲೇ ಮಧ್ಯಾಹ್ನ ಬೇರೊಂದು ಕೆಲಸದ ಬ್ಯಾಕಪ್ ನಡೆಯುತ್ತಿತ್ತು. ಆಗ ಎಲ್ಲವೂ ಒಂದಿಷ್ಟು ತಡ, ಟೆಸ್ಟ್ ಫೇಲ್. ಹಾಗೆಂದು ಸಮಯದ ಮಿತಿ ಸಡಿಲಿಸಿದರೆ ನಿಜವಾದ ದೋಷವೂ ಅದರಲ್ಲೇ ನುಸುಳಿಹೋಗುತ್ತದೆ.

ಎರಡು ದಿನ ಇದೇ ತಲೆಯಲ್ಲಿತ್ತು. ಆಮೇಲೆ ತಿಳಿಯಿತು, ನನಗೆ ಬೇಕಾದದ್ದು ಸಮಯವಲ್ಲ, ಯಾವುದರ ಮುಂಚೆ ಯಾವುದು ಎಂಬುದು. ನಿಧಾನದ ಗ್ರಾಹಕ ನನ್ನದೇ ಪ್ರೋಗ್ರಾಂ. ಕೊನೆಯ ತುಣುಕನ್ನು ಯಾವಾಗ ಕಳಿಸಬೇಕೆಂಬುದು ನನ್ನ ಕೈಯಲ್ಲಿದೆ. ಅದನ್ನು ಕಳಿಸದೆ ಹಿಡಿದಿಟ್ಟುಕೊಂಡೇ ವೇಗದವನನ್ನು ಒಳಗೆ ಬಿಡುವುದು. ಅವನಿಗೆ ಉತ್ತರ ಸಿಕ್ಕಿದರೆ ಮಾತ್ರ ನಿಧಾನದವನ ಕೊನೆಯ ತುಣುಕು ಹೊರಡುತ್ತದೆ. ಸೂಚನೆಯೂ ಹಾಗೇ: ಮೊದಲನೆಯದು ವೈದ್ಯರ ಕಡೆ ಮುಟ್ಟಿತೆಂದು ಖಾತ್ರಿಯಾಗುವವರೆಗೆ ಒಳಗಿನ ನಕಲಿ ಎರಡನೆಯದನ್ನು ಕಳಿಸುವುದಿಲ್ಲ, ಸಂಪರ್ಕವನ್ನೂ ಮುಚ್ಚುವುದಿಲ್ಲ. ಬಫರಿನಲ್ಲಿ ಸಿಕ್ಕಿಕೊಂಡಿದ್ದರೆ ಅದು ಎಂದಿಗೂ ಮುಟ್ಟುವುದಿಲ್ಲ, ಟೆಸ್ಟ್ ಅಲ್ಲೇ ನಿಲ್ಲುತ್ತದೆ. ಯಂತ್ರ ಎಷ್ಟೇ ನಿಧಾನವಾದರೂ ಕ್ರಮ ಬದಲಾಗದು. ಹಾಗೆ ಎಲ್ಲವನ್ನೂ ತಿದ್ದಿ ಬರೆದೆವು. ಬ್ಯಾಕಪ್ ನಡೆಯುವಾಗಲೇ ಬೇಕೆಂದು ಓಡಿಸಿದೆವು. ಅಲುಗಾಡಲಿಲ್ಲ.

ಈಗ ಖಚಿತವೆಂದು ವೈದ್ಯರ ಕೋಣೆಗೆ ಹೋದೆ. ಅವರ ಕಂಪ್ಯೂಟರಿನಲ್ಲಿ ಪುಟ ತೆರೆದೆ. ಸಹೋದ್ಯೋಗಿ ಕಚೇರಿಯಿಂದ ಒಂದು ಮಾದರಿ ಇಸಿಜಿ ಕಳಿಸಿದ. ವೈದ್ಯರೂ ನಾನೂ ಕಾದೆವು. ಸದ್ದಿಲ್ಲ. ಹೊರಗೆ ರೋಗಿಗಳು ಕಾಯುತ್ತಿದ್ದರು. ವೈದ್ಯರು ಒಮ್ಮೆ ಪರದೆಯನ್ನು, ಒಮ್ಮೆ ನನ್ನನ್ನು ನೋಡಿ, “ಇನ್ನೊಂದ್ ದಿನ ಬನ್ನಿ,” ಎಂದು ಘಂಟೆ ಒತ್ತಿ ಮುಂದಿನವರನ್ನು ಕರೆದರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮುಖ್ಯಸ್ಥರಿಗೆ ಏನು ಹೇಳಲಿ ಎಂಬುದೇ ಚಿಂತೆ.

ಕಚೇರಿಗೆ ಬಂದು, ವೈದ್ಯರ ಬ್ರೌಸರ್ ಕಳಿಸಿದ ಕೋರಿಕೆಯನ್ನೂ ನನ್ನ ನಕಲಿ ಗ್ರಾಹಕ ಕಳಿಸುವ ಕೋರಿಕೆಯನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದೆ. ಬ್ರೌಸರಿನದರಲ್ಲಿ ಒಂದು ಸಾಲು ಹೆಚ್ಚಿತ್ತು: ಉತ್ತರವನ್ನು ಸಂಕುಚಿಸಿ, ಅಂದರೆ ಗಾತ್ರ ಕುಗ್ಗಿಸಿ, ಕೊಟ್ಟರೂ ಆದೀತು ಎಂಬ ಸಾಲು. ಎಲ್ಲ ಬ್ರೌಸರುಗಳೂ ಹೀಗೆ ಹೇಳುತ್ತವೆ. ನನ್ನ ಗ್ರಾಹಕ ಹೇಳುತ್ತಿರಲಿಲ್ಲ, ಒಳಗಿನ ನಕಲಿಗೂ ಸಂಕುಚಿಸಲು ಬರುತ್ತಿರಲಿಲ್ಲ. ಆ ಸಾಲು ಕಂಡರೆ ನಮ್ಮ ಒಳಗಿನ ಪ್ರೋಗ್ರಾಂ ಉತ್ತರವನ್ನು ಸಂಕುಚಿಸಲು ತೊಡಗುತ್ತಿತ್ತು. ಸಂಕುಚಿಸುವ ಭಾಗಕ್ಕೂ ಒಂದಷ್ಟು ಸೇರುವವರೆಗೆ ಹಿಡಿದಿಡುವ ಅಭ್ಯಾಸ. ಮುಂಭಾಗದ ಸರ್ವರಿನ ಬಫರ್ ತೆಗೆದಿದ್ದೆವು, ಅದರ ಹಿಂದೆ ಇನ್ನೊಂದಿತ್ತು. ಮೊದಲ ಸಲ ತಿದ್ದಿದಾಗಲೂ ಅದು ಅಲ್ಲೇ ಇತ್ತು, ಆ ಕೆಲವೇ ದಿನಗಳಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಸೂಚನೆಯ ದಾರಿಯಲ್ಲಿ ಸಂಕುಚನವನ್ನು ನಿಲ್ಲಿಸಿದೆವು. ನಕಲಿಗಳ ಜೊತೆಗೆ ನಿಜವಾದ ಬ್ರೌಸರನ್ನೂ ನಿಜವಾದ ಒಳಗಿನ ಪ್ರೋಗ್ರಾಮನ್ನೂ ಇಟ್ಟು ಓಡಿಸುವ ಟೆಸ್ಟುಗಳನ್ನೂ ಸೇರಿಸಿದೆ. ಮುಖ್ಯಸ್ಥರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಸಲ ಅವರೇ ನನ್ನ ಜೊತೆ ವೈದ್ಯರ ಕೋಣೆಗೆ ಬಂದರು.

ಇಸಿಜಿ ಹೊರಟಿತು ಎಂದು ಕಚೇರಿಯಿಂದ ಸಹೋದ್ಯೋಗಿ ಫೋನಿನಲ್ಲಿ ಹೇಳುವುದಕ್ಕೂ ವೈದ್ಯರ ಕಂಪ್ಯೂಟರ್ ಸದ್ದು ಮಾಡುವುದಕ್ಕೂ ಸರಿಹೋಯಿತು. ಇನ್ನೊಂದು ಕಳಿಸಿ ಎಂದರು ವೈದ್ಯರು. ಮತ್ತೆ ಸದ್ದು. ಯಲ್ಲಾಪುರದಿಂದ ತಂತ್ರಜ್ಞ ದೊಡ್ಡ ಫೈಲನ್ನು ಕಳಿಸಲು ಶುರುಮಾಡಿದ. ಅದು ನಿಂತು ನಿಂತು ಬರುತ್ತಿರುವಾಗಲೇ ಸಿದ್ದಾಪುರದ್ದು ಬಂದು ತೆರೆದುಕೊಂಡಿತು. ಆಮೇಲೆ ಯಲ್ಲಾಪುರದ್ದೂ ಬಂತು, ಪೂರ್ತಿ. ವೈದ್ಯರು ತಲೆಯಾಡಿಸಿ, ಸೋಮವಾರದಿಂದ ಆಗಲಿ ಎಂದರು.

ಸೋಮವಾರದಿಂದ ಆಯಿತು. ಆದರೆ ಸಿದ್ದಾಪುರದ ನರ್ಸ್ ಒಂದು ಪಟ್ಟು ಹಿಡಿದಿದ್ದರು. ಇಸಿಜಿ ಕಳಿಸಿದ ಮೇಲೆ ಪರದೆ ಏನೇ ಹೇಳಲಿ, ವೈದ್ಯರಿಗೆ ಫೋನ್ ಮಾಡಿ ಬಂತಾ ಎಂದು ಕೇಳುವುದು. ಬಂದಿದೆ ಎಂದು ಅವರ ಬಾಯಿಂದಲೇ ಕೇಳಿದ ಮೇಲೆ ಇಡುವುದು. ವಾರಗಟ್ಟಲೆ ಹೀಗೇ ನಡೆಯಿತು. ವೈದ್ಯರು ನಮ್ಮ ಮುಖ್ಯಸ್ಥರ ಹತ್ತಿರ ದೂರಿದರು. ಇಷ್ಟೆಲ್ಲ ಮಾಡಿಸಿಯೂ ಫೋನ್ ತಪ್ಪಲಿಲ್ಲವಲ್ಲ ಎಂದು. ಮುಖ್ಯಸ್ಥರು, ನೀನೊಮ್ಮೆ ಅವರಿಗೆ ತಿಳಿಸಿ ಹೇಳು ಎಂದರು. ನನಗೆ ಬೇಸರವಾಗಿದ್ದು ಸುಳ್ಳಲ್ಲ. ಆದರೂ ನಾನು ಫೋನ್ ಮಾಡಲಿಲ್ಲ. ಟೆಸ್ಟ್ ಫಲಿತಾಂಶದ ಪುಟವನ್ನು ಅವರಿಗೆ ತೋರಿಸಿ ಏನು ಪ್ರಯೋಜನ? ಆ ಹೆಂಗಸಿನ ಪಕ್ಕ ಪರದೆ ನೋಡುತ್ತ ಕೂತಿದ್ದವರು ಅವರು. ಎಷ್ಟು ದಿನ ಬೇಕೋ ಅಷ್ಟು ದಿನ ಕೇಳಲಿ ಎಂದೆ.

ಎಷ್ಟು ದಿನವಾಯಿತೋ ಲೆಕ್ಕವಿಟ್ಟಿಲ್ಲ. ಒಂದು ದಿನ ಬೇರೆ ಕೆಲಸದ ಮೇಲೆ ಆಸ್ಪತ್ರೆಗೆ ಹೋದಾಗ ವೈದ್ಯರು ನನ್ನನ್ನು ಕರೆದು ಕೂರಿಸಿ ಹೇಳಿದರು. ಬೆಳಿಗ್ಗೆ ಸಿದ್ದಾಪುರದಿಂದ ಇಸಿಜಿ ಬಂದಿದೆ. ನೋಡಿ ಉತ್ತರ ಬರೆದಿದ್ದಾರೆ, ಮುಂದಿನ ರೋಗಿಯನ್ನು ನೋಡಿದ್ದಾರೆ. ಆಮೇಲೆ ಏನೋ ಬಿಟ್ಟುಹೋದಂತೆ ಅನಿಸಿ ಯೋಚಿಸಿದರೆ, ಇವತ್ತು ಸಿಸ್ಟರ್ ಫೋನ್ ಮಾಡಿಲ್ಲ. ಹುಷಾರಿಲ್ಲವೋ ಏನೋ ಎಂದು ತಾವೇ ಫೋನ್ ಮಾಡಿದ್ದಾರೆ.

“ಎಂತ ಹೇಳಿದ್ರು?” ಎಂದು ಕೇಳಿದೆ.

“‘ಬಂದಿರ್ತದೆ ಅಂತ ಗೊತ್ತಿತ್ತಲ, ಡಾಕ್ಟ್ರೇ. ಇಲ್ಲಿ ಜನ ಕಾಯ್ತಿದ್ರು’ ಅಂದ್ರು. ಅಷ್ಟಂದು ಇಟ್ಟೇಬಿಟ್ರು.”